ಸೂಜಿಗೆ ಹೆದರಿ ಕಳೆದ ಹದಿನೈದು ದಿನ

ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದ ತಂದೆಯ ಕೈಗೆ ಹೆಂಡತಿ ಒಂದು ಚೀಟಿ ಕೊಟ್ಟಳು. ದ್ವಿತೀಯ ಪಿಯುಸಿ ಓದುತ್ತಿದ್ದ ಮಗಳ ರಕ್ತಪರೀಕ್ಷೆಯ ವರದಿ. ಹಿಮೋಗ್ಲೋಬಿನ್ ಬರೀ 5 ಗ್ರಾಂ. ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಕಡಿಮೆ. ಕೆಳಗೆ ವೈದ್ಯರು 'ಬೋನ್ ಮ್ಯಾರೊ ಪರೀಕ್ಷೆ ಆಗಬೇಕು' ಎಂದು ಬರೆದಿದ್ದರು.

ಮಗಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು. ಓದಿನ ಆಯಾಸವೆಂದು ಮನೆಯವರು ಸುಮ್ಮನಿದ್ದರು. ಈಗ ಒಮ್ಮೆಲೇ ಕ್ಯಾನ್ಸರಿನ ಭಯ ಮನೆ ಹೊಕ್ಕಿತು. "ಬೆನ್ನಿಗೆ ಸೂಜಿ ಚುಚ್ಚಿಸಬ್ಯಾಡ ಕಣಪ್ಪ, ಸೊಂಟ ಬಿದ್ದೋಗುತ್ತೆ. ನಾಳೆ ಮದುವೆಯಾಗೋ ಹುಡುಗಿ" ಎಂದು ಅಜ್ಜಿ ಅತ್ತರು. ಟಾನಿಕ್ ಕುಡಿಸಿ ನೋಡೋಣವೆಂದರು ನೆಂಟರು. ಹೀಗೇ ಹದಿನೈದು ದಿನ ಕಳೆಯಿತು. ಕೊನೆಗೆ ಮಗಳೇ, "ಏನು ಅಂತ ಗೊತ್ತಾಗಲಿ ಬಿಡಪ್ಪ, ಎಷ್ಟು ದಿನ ಹೀಗೆ ಹೆದರ್ಕೊಂಡಿರೋದು?" ಎಂದಳು. ಮರುದಿನ ತಂದೆ ರಜೆ ಹಾಕಿದರು.

ಸೂಜಿ ಹಾಕುವ ಮುನ್ನ ವೈದ್ಯರು ತಂದೆ-ತಾಯಿಯನ್ನು ಕೂರಿಸಿಕೊಂಡು ವಿವರಿಸಿದರು. ಮೂಳೆಯೊಳಗಿನ ಮೆತ್ತನೆಯ ಮಜ್ಜೆಯೇ ರಕ್ತಕಣಗಳು ಹುಟ್ಟುವ ಕಾರ್ಖಾನೆ. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಪ್ಲೇಟ್‌ಲೆಟ್ ಎಂಟು-ಹತ್ತು ದಿನ. ಆದ್ದರಿಂದ ಉತ್ಪಾದನೆ ಸದಾ ನಡೆಯುತ್ತಿರಬೇಕು. ಮೂರು ಬಗೆಯ ಕಣಗಳೂ ಒಟ್ಟಿಗೆ ಕಡಿಮೆಯಾದರೆ ಕಾರ್ಖಾನೆಯನ್ನೇ ಒಳಹೊಕ್ಕು ನೋಡಬೇಕಾಗುತ್ತದೆ. ಕಚ್ಚಾ ಸಾಮಗ್ರಿ ಬಾರದೆ ಕೆಲಸ ನಿಂತಿದೆಯೋ, ಯಂತ್ರಗಳೇ ಸುಮ್ಮನಾಗಿವೆಯೋ, ಪರರು ನುಗ್ಗಿ ಜಾಗ ಆಕ್ರಮಿಸಿದ್ದಾರೋ? ಪಾಳಿ ಕೆಲಸದ ತಂದೆಗೆ ಈ ಮಾತು ತಟ್ಟನೆ ಅರ್ಥವಾಯಿತು.

ಸೂಜಿ ಹೋಗುವುದು ಬೆನ್ನುಹುರಿಯ ಹತ್ತಿರಕ್ಕಲ್ಲ, ಸೊಂಟದ ಹಿಂಬದಿಯ ಅಗಲವಾದ ಮೂಳೆಗೆ. 1908ರಲ್ಲಿ ಇಟಲಿಯ ಗೆಡಿನಿ ಮೊಣಕಾಲಿನ ಕೆಳಗಿನ ಮೂಳೆಯಿಂದ ಮಜ್ಜೆ ತೆಗೆದರು. 1927ರಲ್ಲಿ ರಷ್ಯಾದ ಅರಿಂಕಿನ್ ಎದೆಮೂಳೆಯಿಂದ ತೆಗೆದರು. ಎದೆಮೂಳೆ ತೆಳು, ಅದರ ಹಿಂದೆಯೇ ಹೃದಯ. ಹೀಗಾಗಿ ಸೊಂಟದ ಮೂಳೆಯೇ ಹೆಚ್ಚು ಸುರಕ್ಷಿತವೆನಿಸಿತು.

ಹುಡುಗಿಯನ್ನು ಮಗ್ಗುಲಾಗಿ ಮಲಗಿಸಿ, ಚರ್ಮಕ್ಕೂ ಮೂಳೆಯ ಮೇಲ್ಪದರಕ್ಕೂ ಮರಗಟ್ಟುವ ಔಷಧ ಕೊಟ್ಟರು. ಸಿರಿಂಜಿನಲ್ಲಿ ಮಜ್ಜೆ ಎಳೆಯುವಾಗ ಕೆಲವು ಕ್ಷಣ ಜಗ್ಗಿದಂಥ ನೋವು. ಆ ದ್ರವವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಂದೆರಡು ದಿನದಲ್ಲಿ ಇದರ ಉತ್ತರ ಸಿಗಬಹುದು. ಬಳಿಕ ಜಮ್‌ಶಿದಿ ಎಂಬ ಸೂಜಿಯಿಂದ ಕಡ್ಡಿಯಂಥ ಸಣ್ಣ ಮೂಳೆತುಣುಕು ತೆಗೆದರು. ಮಜ್ಜೆಯಲ್ಲಿ ಕಣಗಳು ಎಷ್ಟು ದಟ್ಟವಾಗಿವೆ, ಹೇಗೆ ಜೋಡಣೆಯಾಗಿವೆ ಎಂಬುದನ್ನು ಇದೇ ತೋರಿಸಬೇಕು. ಮೂಳೆಯ ಸುಣ್ಣ ಕರಗಿಸಿ ತೆಳುವಾಗಿ ಕತ್ತರಿಸಬೇಕಾದ್ದರಿಂದ ಈ ವರದಿ ತಡ. ಒತ್ತಿ ಪಟ್ಟಿ ಕಟ್ಟಿ, ಸ್ವಲ್ಪ ಹೊತ್ತು ಮಲಗಿಸಿದರು. ಸಂಜೆ ಹುಡುಗಿ ನಡೆದೇ ಮನೆಗೆ ಬಂದಳು. ಅಜ್ಜಿ ಮಾತ್ರ ಅವಳ ನಡಿಗೆಯನ್ನೇ ನೋಡುತ್ತಿದ್ದರು.

ಉತ್ತರ ಬಂತು. ಕ್ಯಾನ್ಸರ್ ಅಲ್ಲ. ಮಜ್ಜೆಯ ತುಂಬ ಬಲಿಯದ ದೊಡ್ಡ ಕಣಗಳು. ರಕ್ತದಲ್ಲಿ ಬಿ12 ಜೀವಸತ್ವ ತೀರಾ ಕಡಿಮೆ. ಮಾಂಸ ಮುಟ್ಟದ ಮನೆ, ಹುಡುಗಿಗೆ ಹಾಲು-ಮೊಸರೂ ಸೇರದು. ಚುಚ್ಚುಮದ್ದು ಶುರುವಾಗಿ ವಾರದೊಳಗೆ ಹೊಸ ಕಣಗಳು ಕಾಣಿಸಿಕೊಂಡವು. ಎರಡು ತಿಂಗಳಲ್ಲಿ ಮುಖಕ್ಕೆ ಕಳೆ ಬಂತು.

ಎಲ್ಲರಿಗೂ ಇಂಥದೇ ಉತ್ತರ ಬರುವುದಿಲ್ಲ. ರಕ್ತ ಕ್ಯಾನ್ಸರ್ ಎಂದೂ ಬರಬಹುದು. ಆದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರ್ ಇಂದು ಬಹುಪಾಲು ಗುಣವಾಗುವಂಥದು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ಅದಕ್ಕೆ ಚಿಕಿತ್ಸೆಯಿದೆ. ಅಪಾಯ ಇರುವುದು ತಡಮಾಡುವುದರಲ್ಲಿ, ಕಾರಣ ತಿಳಿಯದೆ ಸ್ಟೆರಾಯ್ಡ್ ಕೊಟ್ಟು ರೋಗದ ಗುರುತು ಮಸುಕಾಗಿಸುವುದರಲ್ಲಿ. ಪರೀಕ್ಷೆ ರೋಗವನ್ನು ತರುವುದಿಲ್ಲ, ಇರುವ ರೋಗಕ್ಕೆ ಹೆಸರು ಹೇಳುತ್ತದೆ.

ಈಗ ಆ ಬೀದಿಯಲ್ಲಿ ಯಾರಾದರೂ ಈ ಸೂಜಿಯ ಮಾತೆತ್ತಿದರೆ ಅಜ್ಜಿಯೇ ಮುಂದಾಗಿ ಹೇಳುತ್ತಾರೆ: "ಸೊಂಟ ಏನೂ ಬೀಳಲ್ಲ ಕಣವ್ವ. ನಮ್ಮ ಹುಡುಗಿ ಅವತ್ತೇ ನಡ್ಕೊಂಡು ಬಂದ್ಲು."