ಹೊಲ ಐತಿ, ಉತಾರ ಹೋಗೇತಿ!

2008ರ ದೀಪಾವಳಿ ರಜೆಯ ಮಾತಿದು. ಬೆಂಗಳೂರಿನಿಂದ ಬೀಳಗಿಗೆ ಹೋಗುವಾಗ ನನ್ನ ಬ್ಯಾಗಿನಲ್ಲಿ ಉಬುಂಟು 8.04ರ ಸಿ.ಡಿ. ಇತ್ತು. ಲಿನಕ್ಸ್ ಹುಚ್ಚು ಆಗಷ್ಟೇ ಹತ್ತಿತ್ತು ನೋಡಿ... ಮನೆಯ ಕಂಪ್ಯೂಟರಿನ 80 ಜಿಬಿ ಡಿಸ್ಕಿನಲ್ಲಿ ಎಕ್ಸ್‌ಪಿ ಪಕ್ಕ ಅದಕ್ಕೂ ಒಂದಿಷ್ಟು ಜಾಗ ಮಾಡೋಣ ಎಂದು ಕೂತೆ. ಜಿಪಾರ್ಟೆಡ್‌ನಲ್ಲಿ ಹೊಸ ಪಾರ್ಟಿಷನ್ ಟೇಬಲ್ ಮಾಡುವ ಆಯ್ಕೆ ಒತ್ತಿದೆ. ಎಚ್ಚರಿಕೆ ಬಂತು. ಓದದೇ ಅದಕ್ಕೂ ಹೂಂ ಅಂದೆ! ಸಿ, ಡಿ, ಇ ಮೂರೂ ಮಾಯ. ತೆರೆಯ ಉದ್ದಕ್ಕೂ ಒಂದೇ ಖಾಲಿ ಪಟ್ಟಿ.

ಆ 'ಇ' ಡ್ರೈವಿನಲ್ಲಿ ನಮ್ಮ ಆಯಿಯ ದನಿ ಇತ್ತು.

ನಮ್ಮ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ್ದು. ಆಯಿ 2006ರಲ್ಲಿ ಮೈಕಿನ ಮುಂದೆ ಕೂತು ಯಾವ ಓಣಿಯಲ್ಲಿ ಯಾರ ಮನೆ, ಯಾವ ಬಾವಿಯ ನೀರು ಸಿಹಿ ಎಂದೆಲ್ಲ ಹೇಳಿದ್ದಳು. ನಡುವೆ ಬೀಸುಕಲ್ಲಿನ ಹಾಡು. ಒಟ್ಟು ನಲವತ್ತು ನಿಮಿಷ. ಮರುವರ್ಷ ತೀರಿಕೊಂಡಳು. ಸಿ.ಡಿ.ಗೆ ಹಾಕಬೇಕು, ಹಾಕಬೇಕು ಎನ್ನುತ್ತಲೇ ಉಳಿದಿತ್ತು.

ಅಪ್ಪ ಬಂದು ನಿಂತರು. "ಯಾಕ ತಮ್ಮಾ, ಮಾರಿ ಹಿಂಗ್ಯಾಕ ಮಾಡಿ?"

ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು ಕೇಳಿದರು, "ಪೂರಾ ಅಳಿಸೇತೇನು?"

ಅಲ್ಲಿಗೆ ನನ್ನ ತಲೆ ಓಡಿತು. ಅಳಿಸಿರಲಿಲ್ಲ! ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ 512 ಬೈಟು. ಅದರಲ್ಲಿ 446 ಬೈಟು ಬೂಟ್ ಕೋಡಿಗೆ, ಕೊನೆಯ 2 ಗುರುತಿಗೆ. ನಡುವಿನ 64 ಬೈಟುಗಳೇ ಟೇಬಲ್. ತಲಾ 16 ಬೈಟಿನ ನಾಲ್ಕು ಸಾಲು: ಯಾವ ಭಾಗ ಎಲ್ಲಿ ಶುರು, ಎಷ್ಟು ಉದ್ದ, ಯಾವ ಬಗೆ. ನಾನು ಒರೆಸಿದ್ದು ಅದನ್ನು. ಫೈಲುಗಳು ಇದ್ದಲ್ಲೇ ಇದ್ದವು.

"ಅಂದ್ರ ಹೊಲ ಐತಿ, ಉತಾರ ಹೋಗೇತಿ" ಅಂದರು ಅಪ್ಪ. ಆಮೇಲೆ ಮೆಲ್ಲಗೆ, "ನಮ್ದು ಉಲ್ಟಾ ನೋಡು. ಹಳೇ ಉತಾರ ಟ್ರಂಕಿನ್ಯಾಗ ಐತಿ, ಹೊಲ ನೀರಾಗ."

ಇಂಥ ಹೊತ್ತಿನಲ್ಲಿ ಮೊದಲ ನಿಯಮ: ಡಿಸ್ಕಿನ ಮೇಲೆ ಏನೂ ಬರೆಯಬಾರದು. ಫಾರ್ಮ್ಯಾಟ್ ಮಾಡು ಎಂದು ಕಂಪ್ಯೂಟರ್ ಕೇಳಿದರೂ ಬೇಡ ಅನ್ನಬೇಕು. ಸೈಬರ್ ಕೆಫೆಗೆ ಓಡಿ 'ಟೆಸ್ಟ್‌ಡಿಸ್ಕ್' ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದೆ. ಬರೆದವರು ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ. ಇನ್‌ಸ್ಟಾಲ್ ಮಾಡಬೇಕಿಲ್ಲ. ಉಬುಂಟು ಸಿ.ಡಿ.ಯಿಂದಲೇ ಕಂಪ್ಯೂಟರ್ ಶುರು ಮಾಡಿ ಅದನ್ನು ಓಡಿಸಿದೆ.

ಪ್ರತಿ ಪಾರ್ಟಿಷನ್ನಿನ ತಲೆಯಲ್ಲಿ ಅದರದೇ ಬೂಟ್ ಸೆಕ್ಟರ್ ಇರುತ್ತದೆ. ಬಾಂದುಕಲ್ಲು ಇದ್ದ ಹಾಗೆ. ಟೆಸ್ಟ್‌ಡಿಸ್ಕ್ ಹುಡುಕುವುದು ಅವನ್ನೇ. 'ಕ್ವಿಕ್ ಸರ್ಚ್'ನಲ್ಲಿ ಸಿ, ಡಿ ಸಿಕ್ಕವು. 'ಇ' ಇಲ್ಲ! 'ಡೀಪರ್ ಸರ್ಚ್' ಹಚ್ಚಿದೆ. ಅರ್ಧಕ್ಕೆ ಬಂದಿತ್ತು, ಕರೆಂಟು ಹೋಯಿತು. ಲೋಡ್‌ಶೆಡ್ಡಿಂಗ್! ಹುಡುಕಾಟ ಬರೀ ಓದುವ ಕೆಲಸವಾದ್ದರಿಂದ ಹಾನಿ ಏನಿಲ್ಲ. ಆದರೆ ಮೊದಲಿನಿಂದ ಶುರು. ಅವ್ವ ಊಟಕ್ಕೆ ಎರಡು ಸಲ ಕರೆದಳು. ನನಗೆ ರೊಟ್ಟಿ ಇಳಿಯಲಿಲ್ಲ.

ರಾತ್ರಿ ಹನ್ನೊಂದಕ್ಕೆ ಮೂರನೆಯ ಸಾಲು ಬಂತು. 'ಪಿ' ಒತ್ತಿದರೆ ಒಳಗಿನ ಫೈಲುಗಳ ಹೆಸರು ಕಾಣುತ್ತದೆ. ಒತ್ತಿದೆ. 'ಆಯಿ' ಎಂಬ ಫೋಲ್ಡರ್ ಇತ್ತು!

ಇನ್ನು ಬರೆಯುವುದೊಂದೇ ಬಾಕಿ. ಆಗ ಕರೆಂಟು ಹೋದರೆ ಎಂಬ ಹೆದರಿಕೆ. ಅದಕ್ಕೇ ಮೂರೂ ಭಾಗಗಳ ಶುರು, ಕೊನೆಯ ಅಂಕಿಗಳನ್ನು ಹಾಳೆಯ ಮೇಲೆ ಬರೆದುಕೊಂಡೆ. ಆಮೇಲೆ 'ರೈಟ್' ಒತ್ತಿ, ರೀಬೂಟ್ ಮಾಡಿದೆ. ಎಕ್ಸ್‌ಪಿ ಏನೂ ಆಗಿಲ್ಲವೆಂಬಂತೆ ಎದ್ದು ಬಂತು.

ಮೊದಲು ಹಚ್ಚಿದ್ದು ಆಯಿಯ ಫೈಲು. ಕೆಮ್ಮು, ಆಮೇಲೆ ದನಿ. ಮಲಗಿದ್ದ ಅಪ್ಪ ಎದ್ದು ಬಂದು ಕೂತರು. ಬಾವಿಯ ಮಾತು ಬಂದಾಗ "ಹೌದೌದು, ಆ ನೀರಿಗೆ ಬ್ಯಾಳಿ ಲಗೂನ ಕುದೀತಿತ್ತು" ಅಂದರು. ನಲವತ್ತು ನಿಮಿಷ ಮುಗಿಯುವವರೆಗೆ ಯಾರೂ ಏಳಲಿಲ್ಲ.

ಈಗಿನ ಜಿಪಿಟಿ ಡಿಸ್ಕುಗಳಲ್ಲಿ ಟೇಬಲಿನ ಇನ್ನೊಂದು ನಕಲು ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಆದರೆ ಡಿಸ್ಕೇ ಸತ್ತರೆ ಯಾವ ನಕಲೂ ಕಾಯುವುದಿಲ್ಲ. ಆಯಿಯ ದನಿ ಈಗ ಮೂರು ಕಡೆ ಇದೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಫೈಲು ಇದ್ದರೆ, ಇವತ್ತೇ ಇನ್ನೊಂದು ಕಡೆ ಹಾಕಿಡಿ.

ಆ ಹಾಳೆ ಎಲ್ಲಿ ಹೋಯಿತೆಂದು ಮೊನ್ನೆ ಹುಡುಕಿದೆ. ಅಪ್ಪ ಅದನ್ನು ಟ್ರಂಕಿನಲ್ಲಿ, ಹಳೇ ಉತಾರದ ಜೊತೆ ಇಟ್ಟಿದ್ದರು.