ಸೋಲಿಂಗೆನ್: ಅಲಗೊಂದು, ಒರೆಯೊಂದು

ನಮ್ಮ ಗಡಿನಾಡಿನ ಹಳೆಯ ಮನೆಗಳಲ್ಲಿ ತಾತಂದಿರ ಕ್ಷೌರದ ಪೆಟ್ಟಿಗೆಯನ್ನು ತೆರೆದು ನೋಡಿದವರಿಗೆ ಸೋಲಿಂಗೆನ್ ಎಂಬ ಹೆಸರು ತೀರ ಅಪರಿಚಿತವಾಗಿರಲಾರದು. ಮಡಚುವ ಕ್ಷೌರಕತ್ತಿಯ ಬುಡದಲ್ಲಿ ಕೊರೆದಿರುತ್ತಿದ್ದ ಆ ಜರ್ಮನ್ ಊರನ್ನು ಕಣ್ಣಾರೆ ಕಾಣುವ ಯೋಗ ನಮಗೆ ಹೋದ ವರ್ಷದ ಶರತ್ಕಾಲದಲ್ಲಿ ಒದಗಿತು. ಡ್ಯುಸೆಲ್ಡಾರ್ಫಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನೇ ಮಾರ್ಗದರ್ಶಿ, ಅವನೇ ದುಭಾಷಿ.

ವುಪರ್ಟಾಲ್ ನಗರದಲ್ಲಿ ನದಿಯ ಮೇಲೆ ತೂಗುತ್ತ ಸಾಗುವ ರೈಲನ್ನು ವೋವಿಂಕೆಲ್‌ನಲ್ಲಿ ಇಳಿದು, ಟ್ರಾಲಿ ಬಸ್ಸನ್ನೇರಿ ಗ್ರೇಫ್‌ರಾತ್ ತಲುಪಿದೆವು. ಇದು ಸೋಲಿಂಗೆನ್ನಿಗೆ ಸೇರಿದ ಹಳೆಯ ಪೇಟೆ. ಕರಿಯ ಕಲ್ಲುಹಲಗೆ ಹೊದಿಸಿದ ಗೋಡೆಗಳು, ಬಿಳಿಯ ಚೌಕಟ್ಟುಗಳು, ಹಸುರು ಕಿಟಕಿಬಾಗಿಲುಗಳು. 1944ರ ನವೆಂಬರ್ 4 ಮತ್ತು 5ರ ವಿಮಾನದಾಳಿಗಳಲ್ಲಿ ಸೋಲಿಂಗೆನ್ನಿನ ನಡುಪೇಟೆ ಸುಟ್ಟು ಬೂದಿಯಾಯಿತು. ಈ ಮೂಲೆ ಮಾತ್ರ ಉಳಿಯಿತು. ಸನ್ಯಾಸಿನಿಯರ ಮಠವಾಗಿದ್ದ ಕಟ್ಟಡದಲ್ಲಿ ಈಗ ಅಲಗುಗಳ ವಸ್ತುಸಂಗ್ರಹಾಲಯವಿದೆ. ಅಲ್ಲಿನ ರಾಜಖಡ್ಗಗಳನ್ನು ವರ್ಣಿಸುವ ಉತ್ಸಾಹ ನಮಗಿಲ್ಲ. ವುಪರ್ ನದಿಯ ನೀರಿನಿಂದ ತಿರುಗುತ್ತಿದ್ದ ಸಾಣೆಕಲ್ಲುಗಳ ಮುಂದೆ ಬಾಗಿ ಕುಳಿತು, ಕಲ್ಲಿನ ಧೂಳನ್ನು ಕುಡಿದು, ಎದೆಯ ರೋಗದಿಂದ ಅಕಾಲದಲ್ಲಿ ಸಾಯುತ್ತಿದ್ದ ಸಾಣೆಗಾರರ ಕಥೆಯೇ ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸಿತು.

ಸೋದರಳಿಯನಿಗೆ ಪರಿಚಯವಿದ್ದ ವೃದ್ಧರೊಬ್ಬರು ಅಂತಹ ಮನೆತನದವರೇ. ಎಂಬತ್ತು ದಾಟಿದೆ, ಕತ್ತರಿಗಳಿಗೆ ಸಾಣೆ ಹಿಡಿದು ನಿವೃತ್ತರಾದವರು. ಯುದ್ಧಕಾಲದ ಬಯೊನೆಟ್ಟುಗಳನ್ನು, ಎಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಬಾಕುಗಳನ್ನು, ಕೂಡಿಡುವುದು ಅವರ ಹವ್ಯಾಸ. ಇಂತಹ ಹವ್ಯಾಸ ನಮಗೆ ಮೊದಲು ರುಚಿಸಲಿಲ್ಲವೆಂದು ಒಪ್ಪಿಕೊಳ್ಳಬೇಕು. ಆದರೆ ಅವರು ಭೂತಗನ್ನಡಿಯನ್ನು ನಮ್ಮ ಕೈಗಿತ್ತ ಮೇಲೆ ಎರಡು ಗಂಟೆ ಕಳೆದದ್ದೇ ತಿಳಿಯಲಿಲ್ಲ.

ಜರ್ಮನ್ ಪದಾತಿಯ 98ಕೆ ಬಂದೂಕಿನ ಬಾಕುವಿನ ಅಲಗು ಸುಮಾರು 25 ಸೆಂಟಿಮೀಟರ್ ಉದ್ದ. ಹಿಡಿಗೆ ಮೊದಲು ಮರ, ಆಮೇಲೆ ಕಂದು ಬೇಕಲೈಟು. ಅಲಗಿನ ಬುಡದಲ್ಲಿ ಒಂದು ಮಗ್ಗುಲಿಗೆ ತಯಾರಕರ ಗುರುತು ಮತ್ತು ವರ್ಷ, ಇನ್ನೊಂದು ಮಗ್ಗುಲಿಗೆ ಕ್ರಮಸಂಖ್ಯೆ. ಉಕ್ಕಿನ ಒರೆಯ ಮೇಲೂ ಹಾಗೆಯೇ. ಮೊದಮೊದಲು ಕಾರ್ಖಾನೆಯ ಹೆಸರನ್ನೇ ಕೊರೆಯುತ್ತಿದ್ದುದುಂಟು. ಕಾರ್ಖಾನೆ ಎಲ್ಲಿದೆಯೆಂದು ಶತ್ರುವಿಗೆ ತಿಳಿಯಬಾರದೆಂದು 1940ರ ಸುಮಾರಿಗೆ ಮೂರಕ್ಷರದ ಗೂಢನಾಮಗಳು ಬಂದವು. 'ಸಿಒಎಫ್' ಎಂದರೆ ಐಕ್‌ಹಾರ್ನ್, 'ಎಎಸ್‌ಡಬ್ಲ್ಯು' ಎಂದರೆ ಹೋರ್ಸ್ಟರ್, 'ಎಫ್‌ಎನ್‌ಜೆ' ಎಂದರೆ ಕಾಪೆಲ್; ಮೂರೂ ಸೋಲಿಂಗೆನ್ನಿನವೇ.

ಅಲಗಿನ ಸಂಖ್ಯೆಯೂ ಒರೆಯ ಸಂಖ್ಯೆಯೂ ಒಂದೇ ಆಗಿದ್ದರೆ ಸಂಗ್ರಾಹಕರಿಗೆ ಹಬ್ಬ, ಬೆಲೆಯೂ ಹೆಚ್ಚು. ಬಹುಪಾಲು ಹಾಗಿರುವುದಿಲ್ಲ. ಸೇನೆಯ ದುರಸ್ತಿ ಉಗ್ರಾಣಗಳಲ್ಲಿ ಬೆರೆತವು ಕೆಲವು. ಶರಣಾಗತಿಯ ದಿನ ಅಲಗು ಒಂದು ರಾಶಿಗೆ, ಒರೆ ಇನ್ನೊಂದು ರಾಶಿಗೆ ಬಿದ್ದವು ಹಲವು. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಸವೆಂಬ ಗಾದೆ ನಮ್ಮದು. ಇಲ್ಲಿ ಒಬ್ಬನ ಕತ್ತಿ ಇನ್ನೊಬ್ಬನ ಒರೆಯಲ್ಲಿ. ಹಳೆಯ ಸಂಖ್ಯೆಯನ್ನು ಉಜ್ಜಿ ಹೊಸ ಅಚ್ಚು ಹೊಡೆದು ಜೋಡಿ ಮಾಡುವ ಮೋಸವೂ ಉಂಟು. ಉಜ್ಜಿದೆಡೆ ಉಕ್ಕು ಕೂದಲೆಳೆಯಷ್ಟು ತಗ್ಗಿರುತ್ತದೆ. ಬೆಳಕನ್ನು ಓರೆಯಾಗಿ ಬಿಟ್ಟು ನೋಡಬೇಕೆಂದು ಹಿರಿಯರು ತೋರಿಸಿದರು.

ಕೊನೆಗೆ ಅಡಿಗೆಮನೆಯ ಸೆಳೆಖಾನೆಯಿಂದ ಒಂದನ್ನು ತಂದರು. ಅಲಗಿನ ಮೇಲೆ 'ಎಫ್‌ಎನ್‌ಜೆ 43', ಒರೆಯ ಮೇಲೆ 'ಸಿಒಎಫ್ 41'. ಸಂಖ್ಯೆಗಳಿಗೂ ಸಂಬಂಧವಿಲ್ಲ. ಯುದ್ಧ ಮುಗಿದ ವಸಂತದಲ್ಲಿ ಅವರ ತಾಯಿಗೆ ಅಲಗು ಮಾತ್ರ ದೊರಕಿತಂತೆ. ಮನೆಯಲ್ಲಿ ಬೇರೆ ಚಾಕುವಿಲ್ಲದ ಕಾಲ. ಒಲೆಗೆ ಪುರಳೆ ಸೀಳಿದ್ದು, ರೊಟ್ಟಿ ಕೊಯ್ದದ್ದು ಎಲ್ಲ ಅದರಿಂದಲೇ. ಒರೆಯನ್ನು ಅಣ್ಣ ಎಷ್ಟೋ ದಿನಗಳ ಮೇಲೆ ಚರಂಡಿಯಲ್ಲಿ ಹೆಕ್ಕಿ ತಂದ.

"ಈ ಮೂರು ಅಕ್ಷರ ಯಾರದೆಂದು ನನ್ನ ತಾಯಿಗೆ ತಿಳಿದಿರಲಿಲ್ಲ" ಎಂದರು ಹಿರಿಯರು. ಕಾಪೆಲ್ಲರು ಊರಿಗೆ ದಾನಧರ್ಮ ಮಾಡಿದ ಯೆಹೂದಿ ಮನೆತನದವರು. ನಾತ್ಸಿ ಆಳ್ವಿಕೆಯಲ್ಲಿ ಕಾರ್ಖಾನೆ ಅವರ ಕೈತಪ್ಪಿತು. ಮನೆತನದ ಹಿರಿಯ ಡಾಕ್ಟರ್ ಅಲೆಕ್ಸಾಂಡರ್ ಕಾಪೆಲ್ 1942ರಲ್ಲಿ ಥೆರೇಸಿಯನ್‌ಷ್ಟಾಟ್ ಬಂದಿಶಿಬಿರದಲ್ಲಿ ತೀರಿಕೊಂಡರು. ನಮ್ಮ ಕೈಯಲ್ಲಿದ್ದ ಅಲಗಿನ ವರ್ಷ ಅದರ ಮರುವರ್ಷ. ನಾವು ಆ ಅಂಕಿಯನ್ನು ಮತ್ತೊಮ್ಮೆ ನೋಡಿದೆವು.

ವ್ಯಾಪಾರಿಯೊಬ್ಬ ಇದಕ್ಕೆ ಸರಿಜೋಡಿಯ ಒರೆ ಮಾಡಿಸಿಕೊಡುವೆನೆಂದು, ಇಲ್ಲವಾದರೆ ಇದರ ಬದಲಿಗೆ ಜೋಡಿ ಹೊಂದಿದ ಒಂದನ್ನು ಕೊಡುವೆನೆಂದು ಎರಡು ಸಲ ಬಂದಿದ್ದನಂತೆ. "ಒಪ್ಪಬಹುದಿತ್ತಲ್ಲ ಮಾವ, ಲಾಭವೇ ಅಲ್ಲವೆ?" ಎಂದು ಸೋದರಳಿಯ ಕನ್ನಡದಲ್ಲಿ ನಮ್ಮನ್ನು ಕೇಳಿದ. ಆ ಮಾತನ್ನು ಜರ್ಮನ್ ಭಾಷೆಗೆ ತಿರುಗಿಸುವುದು ಬೇಡವೆಂದೆವು.

ಹಿರಿಯರು ಅಲಗನ್ನು ಒರೆಗೆ ಸೇರಿಸಿ ನಮ್ಮ ಕಿವಿಯ ಬಳಿ ಅಲ್ಲಾಡಿಸಿದರು. ಲೊಟಲೊಟ ಸದ್ದಾಯಿತು. ತಾಯಿ ಮೆಟ್ಟಿಲ ಕಲ್ಲಿಗೆ ಮಸೆದು ಮಸೆದು ಅಲಗು ಸವೆದಿದೆಯೆಂದು ಹೇಳಿ, ಅದನ್ನು ಚಮಚಗಳ ಪಕ್ಕದಲ್ಲಿಟ್ಟು ಸೆಳೆಖಾನೆ ಮುಚ್ಚಿದರು. ಕೊನೆಯ ಬಸ್ಸಿಗೆ ಹೊತ್ತಾಗಿತ್ತು.