ವಿಶೇಷಣದ ಹೊಣೆ

ದೇವನಹಳ್ಳಿಯ ಕಡೆಯ ತಾಯಿಯೊಬ್ಬಳು ಸಂತೆಗೆ ಹೊರಟ ಮಗನಿಗೆ "ಹಣ್ಣು ತಾರಪ್ಪ" ಎಂದಷ್ಟೇ ಹೇಳಿದರೆ ಅವನು ಏನನ್ನು ತರಬೇಕು? "ಕೆಂಪು ತಿರುಳಿನ ದೊಡ್ಡ ಚಕ್ಕೋತ ತಾ" ಎಂದಾಗ ಮಾತು ಪೂರ್ಣವಾಗುತ್ತದೆ. ಚಕ್ಕೋತವೆಂಬುದು ನಾಮಪದ, 'ದೊಡ್ಡ' ಎಂಬುದು ವಿಶೇಷಣ. ವಸ್ತು ಯಾವುದೆಂದು ನಾಮಪದ ತಿಳಿಸಿದರೆ, ಅದು ಎಂತಹುದೆಂದು ವಿಶೇಷಣ ತಿಳಿಸುತ್ತದೆ.

ಗಣಕಯಂತ್ರದ ಜಗತ್ತಿನಲ್ಲಿಯೂ ಇದೇ ನಿಯಮ ನಡೆಯುತ್ತದೆ. ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು ಜಾಲಪುಟಗಳ ರಚನೆಗಾಗಿ ಎಚ್‌ಟಿಎಮ್‌ಎಲ್ ಎಂಬ ಗುರುತುಭಾಷೆಯನ್ನು ರೂಪಿಸಿದರು. 1991ರಲ್ಲಿ ಅದರ ಟ್ಯಾಗುಗಳ ವಿವರಣೆ ಹೊರಬಂದಿತು. ಈ ಭಾಷೆಯಲ್ಲಿ ಟ್ಯಾಗ್ ಎಂಬುದು ನಾಮಪದವಿದ್ದಂತೆ. ಅದು 'ಇಲ್ಲೊಂದು ಚಿತ್ರವಿದೆ' ಎನ್ನುತ್ತದೆ. ಯಾವ ಚಿತ್ರ, ಎಷ್ಟು ಅಗಲ, ಅದರಲ್ಲಿರುವುದೇನು ಎಂಬುದನ್ನು ಹೇಳುವ ಹೊಣೆ ಅಟ್ರಿಬ್ಯೂಟಿನದು.

ಅದನ್ನು ಬರೆಯುವ ಕ್ರಮ ಸರಳವಾದುದು. ಆರಂಭದ ಟ್ಯಾಗಿನೊಳಗೆ, ಟ್ಯಾಗಿನ ಹೆಸರಾದ ಮೇಲೆ ಸ್ವಲ್ಪ ಜಾಗ ಬಿಟ್ಟು, ಗುಣದ ಹೆಸರನ್ನು ಬರೆಯಬೇಕು; ಅನಂತರ ಸಮಚಿಹ್ನೆ; ಬಳಿಕ ಉದ್ಧರಣ ಚಿಹ್ನೆಗಳ ನಡುವೆ ಅದರ ಬೆಲೆ. ಒಂದೇ ಟ್ಯಾಗಿಗೆ ಹಲವು ಗುಣಗಳಿರಬಹುದು. ಆದರೆ ಒಂದೇ ಗುಣವನ್ನು ಎರಡು ಬಾರಿ ಹೇಳಕೂಡದು.

ದೊಡ್ಡಬಳ್ಳಾಪುರದ ವಿದ್ಯಾರ್ಥಿನಿಯೊಬ್ಬಳು ಚಕ್ಕೋತವನ್ನು ಕುರಿತು ಕನ್ನಡದಲ್ಲೊಂದು ಜಾಲಪುಟವನ್ನು ರಚಿಸಿದಳೆಂದು ಭಾವಿಸಬಹುದು. ಚಿತ್ರದ ಟ್ಯಾಗಿನಲ್ಲಿ ಅವಳು 'ಎಸ್‌ಆರ್‌ಸಿ' ಎಂಬ ಗುಣವನ್ನು ಮಾತ್ರ ಬರೆದಳು. ಚಿತ್ರವು ಎಲ್ಲಿದೆ ಎಂದು ಅದು ಹೇಳಿತು. ಹಣ್ಣು ಪರದೆಯ ಮೇಲೆ ಅಂದವಾಗಿ ಮೂಡಿತು. ಆದರೆ ದೃಷ್ಟಿಯಿಲ್ಲದ ಅವಳ ಅಣ್ಣ ಬರಹವನ್ನು ಓದಿ ಹೇಳುವ ತಂತ್ರಾಂಶದ ಮೂಲಕ ಪುಟವನ್ನು ಕೇಳತೊಡಗಿದಾಗ, ಚಿತ್ರದ ಬಳಿ ಅರ್ಥವಿಲ್ಲದ ಕಡತದ ಹೆಸರೊಂದು ಕೇಳಿಸಿತು. "ಇಲ್ಲಿ ಏನಿದೆಯಮ್ಮ?" ಎಂದು ಅವನು ಕೇಳಿದ. ತಾನು ಎಲ್ಲರಿಗಾಗಿ ಬರೆದ ಪುಟವು ತನ್ನ ಮನೆಯವನಿಗೇ ತಲುಪಲಿಲ್ಲವೆಂಬುದು ಅವಳಿಗೆ ಆಗ ಅರಿವಾಯಿತು.

ಇಂತಹವರಿಗಾಗಿಯೇ 'ಆಲ್ಟ್' ಎಂಬ ಗುಣವಿದೆ. "ಕೊಂಬೆಯಲ್ಲಿ ತೂಗುತ್ತಿರುವ ದೇವನಹಳ್ಳಿಯ ಚಕ್ಕೋತ" ಎಂದು ಅದರ ಬೆಲೆಯನ್ನು ಬರೆದರೆ, ಕಣ್ಣು ಕಾಣದುದನ್ನು ಕಿವಿ ಕಾಣುತ್ತದೆ. ಚಿತ್ರವು ಮೂಡದೆ ಹೋದಾಗಲೂ ಅದರ ಸ್ಥಳದಲ್ಲಿ ಈ ಮಾತುಗಳು ನಿಲ್ಲುತ್ತವೆ. 'ಲ್ಯಾಂಗ್' ಎಂಬುದು ಇನ್ನೊಂದು ಗುಣ. ಅದಕ್ಕೆ ಕನ್ನಡದ ಸಂಕೇತವಾದ ಕೆ, ಎನ್ ಎಂಬ ಎರಡು ಅಕ್ಷರಗಳನ್ನು ಕೊಟ್ಟರೆ, ಪುಟವನ್ನು ಕನ್ನಡದ ಉಚ್ಚಾರದಲ್ಲಿ ಓದಬೇಕೆಂದು ತಂತ್ರಾಂಶಕ್ಕೆ ತಿಳಿಯುತ್ತದೆ. 1997ರ ಎಚ್‌ಟಿಎಮ್‌ಎಲ್ ನಾಲ್ಕನೆಯ ಆವೃತ್ತಿಯಲ್ಲಿ ಲ್ಯಾಂಗ್ ಸ್ಥಾನ ಪಡೆಯಿತು. ಚಿತ್ರಗಳಿಗೆ ಆಲ್ಟ್ ಕಡ್ಡಾಯವಾಯಿತು.

ಹಾಗೆಂದು ವಿಶೇಷಣಗಳನ್ನು ಕಂಡಕಂಡಲ್ಲಿ ಪೇರಿಸುವುದು ಜಾಣತನವಲ್ಲ. ಅಲಂಕಾರಕ್ಕಷ್ಟೇ ಇರುವ ಚಿತ್ರಕ್ಕೆ ಆಲ್ಟ್‌ನ ಬೆಲೆಯನ್ನು ಬರಿದಾಗಿಯೇ ಬಿಡಬೇಕು. ಆಗ ತಂತ್ರಾಂಶವು ಅದನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಬೇಕಾದಲ್ಲಿ ಹೇಳುವುದು, ಬೇಡವಾದಲ್ಲಿ ಸುಮ್ಮನಿರುವುದು ಒಳ್ಳೆಯ ಬರವಣಿಗೆಯ ಲಕ್ಷಣ.

ಕಾಣುವವರ ಕಣ್ಣಿಗೆ ಈ ಪುಟ್ಟ ಗುಣಗಳು ಬೀಳುವುದೇ ಇಲ್ಲ. ಗೋಡೆಯೊಳಗಿನ ಅಡಿಪಾಯದಂತೆ ಅವು ಮರೆಯಲ್ಲಿದ್ದುಕೊಂಡೇ ದುಡಿಯುತ್ತವೆ. ಯಾರ ಮೆಚ್ಚುಗೆಯನ್ನೂ ಬಯಸದೆ, ಎದುರಿಗಿಲ್ಲದ ಓದುಗನೊಬ್ಬನನ್ನು ನೆನೆದು ಅವುಗಳನ್ನು ಬರೆಯುವ ವಿದ್ಯಾರ್ಥಿಯು ಗಣಕದ ಭಾಷೆಯನ್ನಷ್ಟೇ ಅಲ್ಲ, ಸಹೃದಯತೆಯನ್ನೂ ಕಲಿತಂತಾಗುತ್ತದೆ.